ಪ್ರಿನ್ಸಿಪಾಲರು ಒಪ್ಪಿದರೂ ಕಾಲೇಜಿನ ಲೋಗೊ ವಿಕಿಪೀಡಿಯದಿಂದ ಯಾಕೆ ಮಾಯವಾಗುತ್ತದೆ?

2025ರ ಮೇ ತಿಂಗಳಲ್ಲಿ ಎಎನ್‌ಐ ಸುದ್ದಿ ಸಂಸ್ಥೆಗೂ ಕೆಲವು ಯೂಟ್ಯೂಬರ್‌ಗಳಿಗೂ ಕಾಪಿರೈಟ್ ಸ್ಟ್ರೈಕ್ (ಕಾಪಿರೈಟ್ ಮುರಿದಿದ್ದಾರೆಂದು ಯೂಟ್ಯೂಬಿಗೆ ಕೊಡುವ ದೂರು) ವಿಷಯಕ್ಕೆ ಜಗಳ ಹತ್ತಿತು. ‘ಫೇರ್ ಯೂಸ್’, ಅಂದರೆ ಮಾಲೀಕರ ಅನುಮತಿ ಇಲ್ಲದೆಯೂ ಮಿತಿಯೊಳಗೆ ಅವರ ಕೃತಿ ಬಳಸಬಹುದು ಅನ್ನೋ ಮಾತು ವಕೀಲರ ಕಚೇರಿ ದಾಟಿ ಎಲ್ಲರ ಬಾಯಿಗೆ ಬಂತು. ಅದಕ್ಕೂ ಮೊದಲು, 2024ರಲ್ಲಿ, ಅದೇ ಸಂಸ್ಥೆ ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್ ಮೇಲೆ ದೆಹಲಿ ಹೈಕೋರ್ಟಿಗೆ ಹೋಗಿತ್ತು. ಅದು ಮಾನಹಾನಿಯ ದಾವೆ. ಫೇರ್ ಯೂಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ಎರಡೂ ಸುದ್ದಿ ಓದಿದವರ ತಲೆಯಲ್ಲಿ ಕಲಸಿಹೋಗಿವೆ.

ಈ ಗೊಂದಲ ದೊಡ್ಡ ಕೇಸುಗಳಲ್ಲಿ ಮಾತ್ರ ಇಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದಂಥ ಊರುಗಳಲ್ಲಿ ಇದು ಕಾಲೇಜಿನ ಲೋಗೊ ರೂಪದಲ್ಲಿ ಎದುರಾಗುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುಂಚೆ ‘ನಮ್ಮ ವಿಕಿಪೀಡಿಯ ಪುಟ ಸ್ವಲ್ಪ ಸರಿ ಮಾಡ್ರಿ’ ಎಂದು ಕಂಪ್ಯೂಟರ್ ವಿಭಾಗಕ್ಕೆ ಹೇಳಿ ಕಳಿಸುವುದು ಹೊಸದೇನಲ್ಲ. ವಿದ್ಯಾರ್ಥಿಯೊಬ್ಬ ಲೋಗೊ ಏರಿಸುತ್ತಾನೆ. ಕೆಲವೇ ದಿನಗಳಲ್ಲಿ ಅದು ಇಲ್ಲ. ಲೋಗೊ ನಮ್ಮದೇ, ಏರಿಸಿದ್ದೂ ನಾವೇ, ಪ್ರಿನ್ಸಿಪಾಲರ ಪತ್ರವೂ ಇದೆ, ಅಳಿಸೋಕೆ ಇವರ್ಯಾರು ಅನ್ನೋದು ಕಾಲೇಜಿನವರ ಸಿಟ್ಟು. ಅದೇ ಹೊತ್ತಿಗೆ ಪಕ್ಕದ ಕಾಲೇಜಿನ ಲೋಗೊವನ್ನು ಯಾರೋ ಅಪರಿಚಿತರು, ಯಾರನ್ನೂ ಕೇಳದೆ ಹಾಕಿದ್ದಾರೆ. ಅದು ವರ್ಷಗಟ್ಟಲೆ ಅಲ್ಲೇ ಕುಳಿತಿದೆ!

ನೋಡೋಕೆ ಅನ್ಯಾಯ ಅನ್ನಿಸುತ್ತದೆ, ಅಲ್ವಾ? ಆದರೆ ಎರಡೂ ಪ್ರಸಂಗದಲ್ಲಿ ನಡೆದದ್ದು ನಿಯಮದ ಪ್ರಕಾರವೇ. ವಿಕಿಪೀಡಿಯ ಕೇಳುತ್ತಿರುವುದು ‘ನಿಮಗೆ ಒಪ್ಪಿಗೆ ಇದೆಯೇ’ ಎಂದಲ್ಲ. ಇಲ್ಲಿಂದ ಮುಂದೆ ಈ ಚಿತ್ರವನ್ನು ಯಾರು, ಎಲ್ಲಿ, ಯಾವುದಕ್ಕೆ ಬಳಸಬಹುದು ಅನ್ನೋದೇ ಅದರ ಪ್ರಶ್ನೆ.

ಎಲ್ಲಿ ಏರಿಸಿದರು?

ಮೊದಲ ಎಡವಟ್ಟು ಆಗುವುದು ಅಪ್‌ಲೋಡ್ ಬಟನ್‌ನಲ್ಲಿ. ವಿಕಿಪೀಡಿಯದ ಚಿತ್ರಗಳಿಗೆ ಎರಡು ಬೇರೆ ಬೇರೆ ಉಗ್ರಾಣಗಳಿವೆ. ಒಂದು ವಿಕಿಮೀಡಿಯ ಕಾಮನ್ಸ್. 2004ರಲ್ಲಿ ಶುರುವಾದ ಇದು ಎಲ್ಲ ಭಾಷೆಗಳಿಗೂ ಸೇರಿದ್ದು. ಇಲ್ಲಿ ಪೂರ್ತಿ ಮುಕ್ತವಾದ, ಅಂದರೆ ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಬಳಸಬಹುದಾದ ಚಿತ್ರಗಳಿಗೆ ಮಾತ್ರ ಜಾಗ, ಫೇರ್ ಯೂಸ್ ನಡೆಯುವುದೇ ಇಲ್ಲ. ಇನ್ನೊಂದು ಆಯಾ ಭಾಷೆಯ ವಿಕಿಪೀಡಿಯದ ಸ್ವಂತ ಉಗ್ರಾಣ. ಫೇರ್ ಯೂಸ್ ಏನಿದ್ದರೂ ಅಲ್ಲೇ.

ಇಂಗ್ಲಿಷ್ ವಿಕಿಪೀಡಿಯದ ಸ್ವಂತ ಉಗ್ರಾಣಕ್ಕೆ ನೇರವಾಗಿ ಏರಿಸಬೇಕಾದರೆ ಖಾತೆಗೆ 4 ದಿನ ತುಂಬಿರಬೇಕು, 10 ಸಂಪಾದನೆ ಆಗಿರಬೇಕು. ಕಾಮನ್ಸ್‌ನಲ್ಲಿ ಖಾತೆ ತೆರೆದ ದಿನವೇ ಏರಿಸಬಹುದು. ಹೊಸದಾಗಿ ಬಂದ ವಿದ್ಯಾರ್ಥಿ ಸಹಜವಾಗಿ ಸುಲಭದ ಬಾಗಿಲಿಗೇ ಹೋಗುತ್ತಾನೆ. ಅಲ್ಲಿ ‘ಇದು ನನ್ನ ಸ್ವಂತ ಕೆಲಸ’ ಅನ್ನೋ ಆಯ್ಕೆ ಕಾಣುತ್ತದೆ. ಸುಮ್ನೆ ಒತ್ತಿಬಿಡುತ್ತಾನೆ. ಕಾಲೇಜಿನ ಲೋಗೊ ಅವನು ಬಿಡಿಸಿದ್ದಲ್ಲ. ಅದರ ಮೇಲೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ (ಎಲ್ಲರೂ ಬಳಸಲು ಬಿಡುವ ಮುಕ್ತ ಪರವಾನಗಿ) ಕೊಡುವ ಹಕ್ಕೂ ಅವನಿಗಿಲ್ಲ. ಯಾರೋ ಸ್ವಯಂಸೇವಕರು ಕಾಲೇಜಿನ ವೆಬ್‌ಸೈಟ್ ತೆರೆದು ನೋಡುತ್ತಾರೆ. ಕೆಳಗೆ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂಬ ಸಾಲು ಇರುತ್ತದೆ. ಚಿತ್ರ ಅಳಿಯುತ್ತದೆ. ಅದರ ಹಿಂದೆಯೇ ಒಂದು ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಬಂದು ಲೇಖನಗಳಲ್ಲಿ ಅದರ ಹೆಸರಿದ್ದ ಕಡೆಯೆಲ್ಲ ಕಿತ್ತುಹಾಕುತ್ತದೆ. ಕಾಲೇಜಿನವರಿಗೆ ಕಾಣುವುದು ಈ ಕೊನೆಯ ಹೆಜ್ಜೆ ಮಾತ್ರ.

ಅನುಮತಿ ಪತ್ರ ಯಾಕೆ ಸಾಲದು?

ಸರಿ, ಪ್ರಿನ್ಸಿಪಾಲರೇ ಕಾಲೇಜಿನ ಇಮೇಲ್‌ನಿಂದ ‘ವಿಕಿಪೀಡಿಯ ನಮ್ಮ ಲೋಗೊ ಬಳಸಬಹುದು’ ಎಂದು ಬರೆದರು ಅಂದುಕೊಳ್ಳೋಣ. ಆಗಲೂ ಕೆಲಸ ಆಗುವುದಿಲ್ಲ. ಜನರಿಗೆ ಅತಿ ಜಾಸ್ತಿ ತಲೆಕೆಡುವುದು ಇಲ್ಲೇ.

ವಿಕಿಪೀಡಿಯದ ಬರಹ ವಿಕಿಪೀಡಿಯಕ್ಕಾಗಿ ಮಾತ್ರ ಇರುವುದಲ್ಲ. ಮೂಲ ಹೇಳಿ, ಅದೇ ಪರವಾನಗಿ ಮುಂದುವರಿಸಿದರೆ ಯಾರು ಬೇಕಾದರೂ ಅದನ್ನು ನಕಲು ಮಾಡಬಹುದು, ತಿದ್ದಬಹುದು, ಅಚ್ಚು ಹಾಕಿ ಮಾರಲೂಬಹುದು. ಬೆಳಗಾವಿಯ ಪ್ರಕಾಶಕರೊಬ್ಬರು ಸಿಇಟಿ ಕೌನ್ಸೆಲಿಂಗ್‌ಗೆಂದು ಕಾಲೇಜುಗಳ ಕೈಪಿಡಿ ತರುತ್ತಾರೆ ಅನ್ನಿ. ಈ ಷರತ್ತು ಪಾಲಿಸಿದರೆ ವಿಕಿಪೀಡಿಯದ ಪ್ಯಾರಾಗಳನ್ನು ಹಾಗೇ ಎತ್ತಿಕೊಳ್ಳಬಹುದು. ಲೋಗೊ ಎತ್ತಿಕೊಳ್ಳುವಂತಿಲ್ಲ. ಪ್ರಿನ್ಸಿಪಾಲರು ಒಪ್ಪಿಗೆ ಕೊಟ್ಟದ್ದು ವಿಕಿಪೀಡಿಯಕ್ಕೆ, ಆ ಪ್ರಕಾಶಕರಿಗಲ್ಲ. ದಾಸೋಹದ ಊಟ ಯಾರು ಬೇಕಾದರೂ ಮಾಡಬಹುದು, ಬುತ್ತಿ ಕಟ್ಟಿಕೊಂಡೂ ಹೋಗಬಹುದು. ಬಡಿಸೋಕೆ ಊರವರಿಂದ ತಂದ, ಹೆಸರು ಕೆತ್ತಿದ ಪಾತ್ರೆಯನ್ನು ಮಾತ್ರ ಒಯ್ಯುವಂತಿಲ್ಲ. ಲೋಗೊ ಆ ಪಾತ್ರೆ.

ಆದ್ದರಿಂದಲೇ ‘ವಿಕಿಪೀಡಿಯಕ್ಕೆ ಮಾತ್ರ’ ಅನ್ನೋ ಅನುಮತಿಯನ್ನು ಮುಕ್ತ ಪರವಾನಗಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು 2005ರಲ್ಲೇ ತೀರ್ಮಾನವಾಯಿತು. ಈಗ ಉಳಿದಿರುವ ದಾರಿಗಳು ಎರಡು. ಒಂದೋ ಕಾಲೇಜು ಲೋಗೊವನ್ನು ವ್ಯಾಪಾರದ ಬಳಕೆಯೂ ಸೇರಿದಂತೆ ಇಡೀ ಜಗತ್ತಿಗೆ ಮುಕ್ತವಾಗಿ ಕೊಡಬೇಕು. ಇಲ್ಲವೇ ಯಾರ ಅನುಮತಿಯೂ ಇಲ್ಲದೆ, ಫೇರ್ ಯೂಸ್ ಅಡಿ, ಕಟ್ಟುನಿಟ್ಟಿನ ಮಿತಿಯೊಳಗೆ ಹಾಕಬೇಕು. ಪಕ್ಕದ ಕಾಲೇಜಿನ ಲೋಗೊ ಉಳಿದದ್ದು ಈ ಎರಡನೇ ದಾರಿಯಿಂದ.

ಇಕ್ಕಟ್ಟಿನ ಬಾಗಿಲು

ಮುಕ್ತವಲ್ಲದ ಚಿತ್ರಗಳ ಬಗ್ಗೆ ವಿಕಿಮೀಡಿಯ ಫೌಂಡೇಶನ್ 2007ರ ಮಾರ್ಚ್‌ನಲ್ಲಿ ಒಂದು ನಿರ್ಣಯ ಮಾಡಿತು. ಪ್ರತಿಯೊಂದು ಭಾಷೆಯ ವಿಕಿಪೀಡಿಯ ತನಗೆ ಬೇಕಿದ್ದರೆ ವಿನಾಯಿತಿಯ ನಿಯಮ ಮಾಡಿಕೊಳ್ಳಬಹುದು, ಆದರೆ ಬಳಕೆ ತೀರಾ ಕಡಿಮೆ ಇರಬೇಕು ಎಂದಿತು. ಹಾಗಾಗಿ ಭಾಷೆಯಿಂದ ಭಾಷೆಗೆ ವ್ಯತ್ಯಾಸ ಇದೆ. ಜರ್ಮನ್ ವಿಕಿಪೀಡಿಯ ಫೇರ್ ಯೂಸ್ ಒಪ್ಪುವುದಿಲ್ಲ. ಸ್ಪ್ಯಾನಿಷ್‌ನವರು ತಮ್ಮ ಸ್ವಂತ ಉಗ್ರಾಣವನ್ನೇ ಮುಚ್ಚಿ ಕಾಮನ್ಸ್ ಒಂದನ್ನೇ ನಂಬಿದ್ದಾರೆ. ಇಂಗ್ಲಿಷ್‌ನವರು ಹತ್ತು ಷರತ್ತು ಹಾಕಿಕೊಂಡು ಒಪ್ಪುತ್ತಾರೆ. ಇಂಗ್ಲಿಷ್ ಪುಟದಲ್ಲಿರುವ ಇಂಥ ಲೋಗೊ ಕನ್ನಡ ಪುಟದಲ್ಲಿ ತಾನಾಗಿ ಕಾಣಿಸಿಕೊಳ್ಳದಿರುವುದಕ್ಕೂ ಇದೇ ಕಾರಣ. ಅದು ಇಂಗ್ಲಿಷ್‌ನ ಉಗ್ರಾಣದಲ್ಲಿದೆ, ಎಲ್ಲರ ಉಗ್ರಾಣದಲ್ಲಿಲ್ಲ.

ಇಂಗ್ಲಿಷ್‌ನ ಷರತ್ತುಗಳಲ್ಲಿ ನಮ್ಮ ಕಾಲೇಜುಗಳಿಗೆ ತಗಲುವ ಕೆಲವನ್ನಷ್ಟೇ ನೋಡೋಣ. ಚಿತ್ರ ಚಿಕ್ಕದಿರಬೇಕು. ಒಟ್ಟು ಸುಮಾರು 1 ಲಕ್ಷ ಪಿಕ್ಸೆಲ್, ಅಂದರೆ ಚೌಕವಾದರೆ 316ಕ್ಕೆ 316. ಪರದೆಯಲ್ಲಿ ಗುರುತು ಸಿಗುತ್ತದೆ, ಬ್ಯಾನರ್‌ಗೆ ಹಿಗ್ಗಿಸಿದರೆ ಒಡೆದುಹೋಗುತ್ತದೆ. ಆ ಅಳತೆ ಇಟ್ಟಿರುವುದೇ ಅದಕ್ಕಾಗಿ. ಇನ್ನು, ಚಿತ್ರದ ಪುಟದಲ್ಲಿ ಯಾವ ಲೇಖನಕ್ಕೆ, ಯಾಕೆ ಬೇಕು ಎಂದು ಕಾರಣ ಬರೆದಿರಬೇಕು. ಎರಡು ಲೇಖನದಲ್ಲಿ ಬೇಕಾದರೆ ಎರಡು ಕಾರಣ. ‘ಬೆಳಗಾವಿಯ ಕಾಲೇಜುಗಳ ಪಟ್ಟಿ’ಯಂಥ ಪುಟದಲ್ಲಿ ಲೋಗೊಗಳ ಸಾಲು ಜೋಡಿಸುವಂತಿಲ್ಲ. ಸದಸ್ಯರ ಸ್ವಂತ ಪುಟದಲ್ಲಿ ಹಾಕಿಕೊಂಡು ಅಭಿಮಾನ ತೋರಿಸುವಂತೆಯೂ ಇಲ್ಲ. ಯಾವ ಲೇಖನದಲ್ಲೂ ಬಳಕೆಯಾಗದೆ 7 ದಿನ ಕಳೆದರೆ ಅಳಿಸುತ್ತಾರೆ.

ಈ ಭಾಗದಲ್ಲಿ ಜಾಸ್ತಿ ಕಾಡುವ ಷರತ್ತು ಮಾತ್ರ ಬೇರೆಯೇ ಇದೆ. ಇಲ್ಲಿನ ಶಿಕ್ಷಣ ದೊಡ್ಡ ದೊಡ್ಡ ಸಂಸ್ಥೆಗಳ ಕೈಯಲ್ಲಿ ಬೆಳೆದದ್ದು. ಬಾಗಲಕೋಟೆಯ ಬಿವಿವಿ ಸಂಘ 1906ರದ್ದು. ವಿಜಯಪುರದ ಬಿಎಲ್‌ಡಿಇ 1910ರದ್ದು, ವಚನಗಳ ಸಂಗ್ರಹಕ್ಕೆ ಜೀವ ತೇಯ್ದ ಫ.ಗು. ಹಳಕಟ್ಟಿಯವರು ಕಟ್ಟಿದ್ದು. ಬೆಳಗಾವಿಯ ಕೆಎಲ್‌ಇ 1916ರದ್ದು. ಒಂದೊಂದು ಸಂಸ್ಥೆಯ ಕೆಳಗೂ ಕಾಲೇಜುಗಳ ದಂಡೇ ಇದೆ. ಒಂದು ಕಾಲೇಜಿಗೆ ತನ್ನದೇ ಗುರುತು ಇಲ್ಲ, ಮಾತೃಸಂಸ್ಥೆಯ ಲಾಂಛನವನ್ನೇ ಬಳಸುತ್ತದೆ ಅನ್ನಿ. ಆ ಲಾಂಛನವನ್ನು ಕಾಲೇಜಿನ ಪುಟದಲ್ಲಿ ಹಾಕಲು ಇಂಗ್ಲಿಷ್ ವಿಕಿಪೀಡಿಯ ಬಿಡುವುದಿಲ್ಲ. ಮಾತೃಸಂಸ್ಥೆಯ ಪುಟದಲ್ಲಿ ಮಾತ್ರ ಸರಿ ಅನ್ನುತ್ತದೆ. 1998ರಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಲಾಂಛನಕ್ಕೂ ಇದೇ ಮಾತು. ಅದಕ್ಕೆ ಸೇರಿದ ಇಂಜಿನಿಯರಿಂಗ್ ಕಾಲೇಜುಗಳ ಪುಟಗಳಲ್ಲೆಲ್ಲ ಅದನ್ನು ಅಂಟಿಸುವಂತಿಲ್ಲ.

ಕಾಲೇಜಿನವರಿಗೆ ಇದು ವಿಚಿತ್ರ ಕಾಣುತ್ತದೆ. ಅವರ ಲೆಟರ್‌ಹೆಡ್‌ನಲ್ಲಿ, ಬಸ್ಸಿನ ಮೇಲೆ, ಐಡಿ ಕಾರ್ಡಿನಲ್ಲಿ ಇರುವುದು ಅದೇ ಲಾಂಛನ ತಾನೇ? ಈ ನಿಯಮ ಸ್ವಲ್ಪ ಅತಿಯಾಯಿತು ಅನ್ನೋದರಲ್ಲಿ ಹುರುಳಿದೆ. ಓದುಗ ಹುಡುಕುವುದು ಆ ಬಸ್ಸಿನ ಮೇಲಿನ ಗುರುತನ್ನೇ. ಆದರೆ ಬಿಟ್ಟರೆ ಒಂದೇ ಲಾಂಛನ ನೂರು ಪುಟಕ್ಕೆ ಹರಡುತ್ತದೆ, ‘ತೀರಾ ಕಡಿಮೆ ಬಳಕೆ’ ಅನ್ನೋ 2007ರ ಮಾತಿಗೆ ಅರ್ಥ ಉಳಿಯುವುದಿಲ್ಲ ಎಂದು ಸಂಪಾದಕರು ವಾದಿಸುತ್ತಾರೆ.

ಹೆಸರು ಬದಲಾದಾಗಲೂ ತಕರಾರು ಏಳುತ್ತದೆ. ವಿಜಯಪುರದ ರಾಜ್ಯ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಬಂತು. ಇಂಥ ಕಡೆ ಹಳೆಯ ಲೋಗೊವನ್ನೂ ಇತಿಹಾಸದ ಭಾಗದಲ್ಲಿ ಇಡೋಣ ಅನ್ನಿಸುವುದು ಸಹಜ. ಆ ಹಳೆಯ ಲೋಗೊ ಬಗ್ಗೆಯೇ ಲೇಖನದಲ್ಲಿ ಆಧಾರಸಹಿತ ಚರ್ಚೆ ಇದ್ದರೆ ನಡೆಯುತ್ತದೆ. ಅಲಂಕಾರಕ್ಕೆ ಅಂದರೆ ಇಲ್ಲ.

ಕಾನೂನು ಅಮೆರಿಕದ್ದು, ಸಂಪಾದಕ ವಿಜಯಪುರದವನು

ಇಲ್ಲಿಯವರೆಗೆ ಹೇಳಿದ್ದು ವಿಕಿಪೀಡಿಯದ ಮನೆ ನಿಯಮ. ಅದರ ಕೆಳಗೆ ಅಮೆರಿಕದ ಕಾಪಿರೈಟ್ ಕಾಯ್ದೆಯ 107ನೇ ಕಲಂ ಇದೆ, ಯಾಕೆಂದರೆ ಫೌಂಡೇಶನ್ ಇರುವುದು ಅಲ್ಲಿ. ಆ ಕಲಂ ನಾಲ್ಕು ವಿಷಯ ತೂಗಿ ನೋಡು ಅನ್ನುತ್ತದೆ: ಬಳಕೆಯ ಉದ್ದೇಶ ಏನು, ಕೃತಿ ಎಂಥದ್ದು, ಎಷ್ಟು ತೆಗೆದುಕೊಂಡರು, ಮಾಲೀಕನ ಮಾರುಕಟ್ಟೆಗೆ ಪೆಟ್ಟು ಬಿತ್ತೇ. ಲೋಗೊ ವಿಷಯದಲ್ಲಿ ಮೂರನೆಯದು ತೊಡಕಿನದ್ದು, ಅರ್ಧ ಲೋಗೊ ಹಾಕಲು ಆಗುವುದಿಲ್ಲವಲ್ಲ. ಆದರೆ ಉದ್ದೇಶ ಕಾಲೇಜನ್ನು ಗುರುತಿಸುವುದು. ಮಾರುಕಟ್ಟೆಗೆ ನಷ್ಟ ಇಲ್ಲವೇ ಇಲ್ಲ. ಯಾವ ಕಾಲೇಜೂ ತನ್ನ ಲೋಗೊವನ್ನು ವಿಶ್ವಕೋಶಗಳಿಗೆ ಮಾರಿ ಬದುಕುವುದಿಲ್ಲ.

ನಮ್ಮ 1957ರ ಕಾಪಿರೈಟ್ ಕಾಯ್ದೆಯ ದಾರಿ ಬೇರೆ. ಅದರ 52ನೇ ಕಲಮಿನಲ್ಲಿ ವಿನಾಯಿತಿಗಳ ಪಟ್ಟಿಯೇ ಇದೆ. ನ್ಯಾಯವಾದ ಬಳಕೆಗೆ ಅಲ್ಲಿ ಹೇಳಿರುವುದು ಮೂರು ಉದ್ದೇಶ: ಸಂಶೋಧನೆ ಸೇರಿದಂತೆ ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ವಿದ್ಯಮಾನದ ವರದಿ. ಎಲ್ಲರೂ ಓದುವ ವಿಶ್ವಕೋಶದಲ್ಲಿ ಗುರುತಿಗೆಂದು ಲೋಗೊ ಹಾಕುವುದು ಈ ಮೂರರಲ್ಲಿ ಯಾವುದಕ್ಕೂ ಸಲೀಸಾಗಿ ಹೊಂದುವುದಿಲ್ಲ. ಬೋಧನೆಗೆ ಬೇರೆ ವಿನಾಯಿತಿ ಇದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಕೇಸಿನಲ್ಲಿ 2016ರಲ್ಲಿ ಹೈಕೋರ್ಟ್ ಅದಕ್ಕೆ ವಿಶಾಲ ಅರ್ಥ ಕೊಟ್ಟಿತು. ಆದರೆ ಅದು ಪಾಠ ನಡೆಯುವ ಸಂದರ್ಭಕ್ಕೆ ಸಂಬಂಧಿಸಿದ್ದು.

ಅಂದರೆ ವಿಜಯಪುರದಲ್ಲಿ ಕುಳಿತು ಲೋಗೊ ಏರಿಸುವವನಿಗೆ ಅಮೆರಿಕದ ಕಲಂ ಪೂರ್ತಿ ಕೊಡೆ ಹಿಡಿಯುವುದಿಲ್ಲ. ಅವನಿಗೆ ಅನ್ವಯಿಸುವುದು ಇಲ್ಲಿನ ಕಾಯ್ದೆ. ಅದೂ ಅಲ್ಲದೆ ಕಾಪಿರೈಟ್ ಮಾಲೀಕ ತಾನು ಇರುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು ಎಂದು 62ನೇ ಕಲಂ ಹೇಳುತ್ತದೆ. ಕಾಗದದ ಮೇಲೆ ಅಪಾಯ ಇದೆ. ನಿಜದಲ್ಲಿ? 1996ರಲ್ಲಿ ಒಂದು ನಾಟಕದ ವಿವಾದದಲ್ಲಿ ಕೇರಳ ಹೈಕೋರ್ಟ್ ಮೂರು ಅಳತೆಗೋಲು ಇಟ್ಟಿತು. ಎಷ್ಟು ತೆಗೆದುಕೊಂಡರು, ಯಾಕೆ ತೆಗೆದುಕೊಂಡರು, ಮೂಲಕ್ಕೆ ಪೈಪೋಟಿ ಆಗುತ್ತದೆಯೇ? ತನ್ನ ಬಗ್ಗೆ ಇರುವ ಲೇಖನದಲ್ಲಿ ತನ್ನದೇ ಚಿಕ್ಕ ಲೋಗೊ ಇದ್ದದ್ದಕ್ಕೆ ಕಾಲೇಜು ಯಾವ ಪೈಪೋಟಿ ತೋರಿಸೀತು? ದಾವೆ ಹೂಡಿದರೂ ನಿಲ್ಲುವುದು ಕಷ್ಟ. ಕಾಲೇಜಿಗೆ ನಿಜಕ್ಕೂ ಬೇಡವಾದರೆ ಒಂದು ದೂರು ಸಾಕು. ಇಂಥ ಜಾಲತಾಣಗಳಿಗೆ ಲಿಖಿತ ದೂರು ಕೊಟ್ಟರೆ 21 ದಿನ ಆ ವಸ್ತುವನ್ನು ತಡೆಹಿಡಿಯಬೇಕು, ಅಷ್ಟರೊಳಗೆ ಕೋರ್ಟಿನ ಆದೇಶ ತರಬೇಕು ಅನ್ನೋ ವ್ಯವಸ್ಥೆ 52ನೇ ಕಲಮಿನಲ್ಲೇ ಇದೆ.

ನಕಲಿ ಅಂಕಪಟ್ಟಿಯ ಭಯ

ಆಡಳಿತ ಮಂಡಳಿಗಳ ಹಿಂಜರಿಕೆಗೆ ಮೂಲ ಕಾಪಿರೈಟ್ ಅಲ್ಲ. ಲೋಗೊ ಸ್ಪಷ್ಟವಾಗಿ ಸಿಕ್ಕರೆ ನಕಲಿ ಸರ್ಟಿಫಿಕೇಟ್, ನಕಲಿ ಪ್ರವೇಶದ ಜಾಹೀರಾತು ಹುಟ್ಟುತ್ತವೆ ಅನ್ನೋ ಭಯ. ಭಯ ಸುಳ್ಳಲ್ಲ, ಬಾಗಿಲು ಮಾತ್ರ ತಪ್ಪು. ನಕಲು ಮಾಡುವವನಿಗೆ ಕಾಲೇಜಿನ ವೆಬ್‌ಸೈಟಿನಲ್ಲೇ ದೊಡ್ಡ ಲೋಗೊ ಸಿಗುತ್ತದೆ. ಅವನು 316 ಪಿಕ್ಸೆಲ್‌ನ ಚಿತ್ರಕ್ಕಾಗಿ ವಿಕಿಪೀಡಿಯಕ್ಕೆ ಬರುವುದಿಲ್ಲ. ಖೋಟಾ ದಾಖಲೆಗೆ ಕ್ರಿಮಿನಲ್ ಕಾನೂನು ಇದೆ. ಬೇರೆಯವರು ಆ ಗುರುತಿನಲ್ಲಿ ಕೋಚಿಂಗ್ ಕ್ಲಾಸ್ ತೆರೆದರೆ, ಲೋಗೊ ನೋಂದಣಿಯಾಗಿದ್ದಲ್ಲಿ 1999ರ ಟ್ರೇಡ್ ಮಾರ್ಕ್ ಕಾಯ್ದೆ ಹಿಡಿಯುತ್ತದೆ. ಅದೇ ಕಾಯ್ದೆಯ 30ನೇ ಕಲಂ, ಮಾಲೀಕನನ್ನು ಗುರುತಿಸಲು ಪ್ರಾಮಾಣಿಕವಾಗಿ ಆ ಗುರುತು ಬಳಸುವುದಕ್ಕೆ ಅಡ್ಡಿ ಮಾಡುವುದಿಲ್ಲ. ಲೋಗೊಗೆ ಎರಡು ಹಕ್ಕು ಒಟ್ಟಿಗೆ ಅಂಟಿಕೊಂಡಿವೆ. ಕಾಪಿರೈಟ್ ಬಿಟ್ಟುಕೊಟ್ಟರೂ ಟ್ರೇಡ್ ಮಾರ್ಕ್ ಉಳಿಯುತ್ತದೆ.

2010ರಲ್ಲಿ ಅಮೆರಿಕದ ಎಫ್‌ಬಿಐ ತನ್ನ ಮುದ್ರೆಯನ್ನು ತೆಗೆಯಿರಿ ಎಂದು ವಿಕಿಪೀಡಿಯಕ್ಕೆ ಪತ್ರ ಬರೆಯಿತು. ಆ ಮುದ್ರೆಗೆ ಕಾಪಿರೈಟ್ ಇರಲಿಲ್ಲ. ಅಲ್ಲಿನ ಒಕ್ಕೂಟ ಸರ್ಕಾರದ ಕೃತಿಗಳಿಗೆ ಕಾಪಿರೈಟ್ ಇರುವುದಿಲ್ಲ. ಪೊಲೀಸ್ ಗುರುತಿನ ದುರ್ಬಳಕೆ ತಡೆಯುವ ಬೇರೊಂದು ಕಾನೂನನ್ನು ಅವರು ತೋರಿಸಿದರು. ಮೋಸ ಮಾಡಲು ಗುರುತು ಬಳಸುವವರಿಗೆ ಆ ಕಾನೂನು, ವಿಶ್ವಕೋಶಕ್ಕಲ್ಲ ಎಂದು ಫೌಂಡೇಶನ್ ಒಪ್ಪಲಿಲ್ಲ. ಮುದ್ರೆ ಅಲ್ಲೇ ಉಳಿಯಿತು.

ಲೋಗೊ ನಿಜಕ್ಕೂ ಕಾಲೇಜಿನದೇ?

ಇಡೀ ಚರ್ಚೆಯಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಲೋಗೊಗೆ ಕಾಪಿರೈಟ್ ಬರಲು ನೋಂದಣಿ ಬೇಕಿಲ್ಲ. ಬಿಡಿಸಿದ ಕ್ಷಣದಿಂದ ಬರುತ್ತದೆ, ಮೊದಲು ಬಿಡಿಸಿದವರಿಗೇ ಬರುತ್ತದೆ. ಬಿಡಿಸಿದವರು ಕಾಲೇಜಿನ ನೌಕರರಾಗಿದ್ದು, ನೌಕರಿಯ ಭಾಗವಾಗಿ ಬಿಡಿಸಿದ್ದರೆ 17ನೇ ಕಲಮಿನ ಪ್ರಕಾರ ಹಕ್ಕು ಕಾಲೇಜಿಗೆ. ಊರಿನ ಪ್ರಿಂಟಿಂಗ್ ಪ್ರೆಸ್‌ನವರು, ಇಲ್ಲವೇ ಪರಿಚಯದ ಚಿತ್ರಕಲಾ ಮೇಷ್ಟ್ರು ಬಿಡಿಸಿ ಕೊಟ್ಟಿದ್ದರೆ? ಹಣ ಕೊಟ್ಟ ಮಾತ್ರಕ್ಕೆ ಹಕ್ಕು ಬಂತು ಎಂದು ಹೇಳಲು ಆಗುವುದಿಲ್ಲ. ವರ್ಗಾವಣೆ ಬರಹದಲ್ಲಿ ಇರಬೇಕು ಎಂದು 19ನೇ ಕಲಂ ಹೇಳುತ್ತದೆ. ಆ ಬರಹದಲ್ಲಿ ಅವಧಿ ಹೇಳಿಲ್ಲದಿದ್ದರೆ 5 ವರ್ಷ ಎಂದೇ ಲೆಕ್ಕ.

ಇಂಥ ಕಾಗದ ಎಷ್ಟು ಕಾಲೇಜುಗಳ ಕಪಾಟಿನಲ್ಲಿ ಇದ್ದೀತು! ಕಾಗದ ಇಲ್ಲದೆ ಪ್ರಿನ್ಸಿಪಾಲರು ಲೋಗೊವನ್ನು ಜಗತ್ತಿಗೆ ಮುಕ್ತವಾಗಿ ಕೊಟ್ಟರೆ, ತಮ್ಮದಲ್ಲದ್ದನ್ನು ಕೊಟ್ಟಂತೆ ಆಗಬಹುದು. ನನ್ನ ಮಟ್ಟಿಗೆ, ಕಾಲೇಜುಗಳು ಲೋಗೊವನ್ನು ಮುಕ್ತ ಮಾಡುವ ಗೋಜಿಗೆ ಹೋಗದಿರುವುದೇ ವಾಸಿ. ಅದರ ಬದಲು ಕಟ್ಟಡದ, ಗ್ರಂಥಾಲಯದ, ಪ್ರಯೋಗಾಲಯದ ಒಳ್ಳೆಯ ಫೋಟೊಗಳನ್ನು, ತೆಗೆದವರ ಒಪ್ಪಿಗೆಯೊಂದಿಗೆ, ಕಾಮನ್ಸ್‌ಗೆ ಕೊಡಲಿ. ಓದುಗನಿಗೆ ಉಪಯೋಗ ಜಾಸ್ತಿ, ತಗಾದೆ ಕಡಿಮೆ. ಲೋಗೊವನ್ನು ಫೇರ್ ಯೂಸ್ ಅಡಿ ಅನುಭವಿ ಸಂಪಾದಕರು ಹಾಕಿಕೊಳ್ಳುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆ, ಸರ್ಕಾರಿ ಅಂದರೆ ಎಲ್ಲರದ್ದು ಅನ್ನೋದು. ಎಫ್‌ಬಿಐ ಮುದ್ರೆಯ ಸ್ಥಿತಿ ಇಲ್ಲಿಲ್ಲ. ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯದ ಕೃತಿಗೂ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್ ಇದೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಲಾಂಛನವೂ ಆ ವರ್ಷದ್ದೇ ಆಗಿದ್ದರೆ 2070 ಮುಗಿಯುವ ತನಕ ಕಾಯಬೇಕು.

ತಪ್ಪಿಸಿಕೊಳ್ಳುವ ದಾರಿಗಳು

ಲೋಗೊವನ್ನು ನಾನೇ ಕಂಪ್ಯೂಟರಿನಲ್ಲಿ ಮತ್ತೆ ಬಿಡಿಸಿದರೆ ನನ್ನದಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ, ನಕಲು ನಕಲೇ. ಬರೀ ಅಕ್ಷರಗಳ ಲೋಗೊ ಆದರೆ ಮಾತು ಬೇರೆ. ಕಾಪಿರೈಟ್ ಸಿಗಲು ಸೃಜನಶೀಲತೆಯ ಎಳೆಯಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ, ಈಸ್ಟರ್ನ್ ಬುಕ್ ಕಂಪನಿಯ ಕೇಸಿನಲ್ಲಿ ಹೇಳಿದೆ. ಸಾದಾ ಅಕ್ಷರಕ್ಕೆ ಆ ಎಳೆ ಸಿಗುವುದು ಕಷ್ಟ. ಆದರೆ ನಮ್ಮ ಕಾಲೇಜುಗಳ ಲಾಂಛನ ಅಷ್ಟಕ್ಕೆ ನಿಲ್ಲುವುದು ಅಪರೂಪ. ದೀಪ, ತೆರೆದ ಪುಸ್ತಕ, ಹಲ್ಲುಚಕ್ರ, ಸುತ್ತ ಬಳ್ಳಿ, ಕೆಳಗೆ ಒಂದು ವಚನದ ಸಾಲು. ಹನ್ನೆರಡನೇ ಶತಮಾನದ ಆ ಸಾಲಿಗೆ ಕಾಪಿರೈಟ್ ಇಲ್ಲ. ಅದರ ಮೇಲೆ ಬಿಡಿಸಿದ ಚಿತ್ರಕ್ಕೆ ಇದೆ.

ಕಾಲೇಜಿನ ಕಮಾನಿನ ಫೋಟೊ ತೆಗೆದರೆ? ಕಟ್ಟಡದ ಫೋಟೊಗೆ 52ನೇ ಕಲಂ ಅವಕಾಶ ಕೊಟ್ಟಿದೆ, ಸಾರ್ವಜನಿಕ ಜಾಗದಲ್ಲಿ ಕಾಯಂ ಇರುವ ಶಿಲ್ಪಕ್ಕೂ ಕೊಟ್ಟಿದೆ. ಫಲಕದ ಮೇಲೆ ಬಣ್ಣದಲ್ಲಿ ಬರೆದ ಚಿತ್ರಕ್ಕೆ ಕೊಟ್ಟಿಲ್ಲ. ಇಡೀ ಕಮಾನಿನ ಫೋಟೊದಲ್ಲಿ ಲೋಗೊ ಒಂದು ಮೂಲೆಯಲ್ಲಿ ಬಂದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಲೋಗೊ ಒಂದನ್ನೇ ಕತ್ತರಿಸಿ ಏರಿಸಿದರೆ ಮತ್ತೆ ಮೊದಲಿನ ಜಾಗಕ್ಕೇ ಬಂದಿರಿ.

ಹಳೆಯ ಲಾಂಛನಗಳ ಲೆಕ್ಕ

ಈ ಮೂರು ಜಿಲ್ಲೆಗಳಲ್ಲಿ ವಯಸ್ಸಾದ ಸಂಸ್ಥೆಗಳು ಬಹಳ ಇರುವುದರಿಂದ ಒಂದು ವಿಷಯ ನಿಜಕ್ಕೂ ಲಾಭದ್ದಿದೆ. ಬಿಡಿಸಿದವರ ಹೆಸರಿಲ್ಲದೆ ಪ್ರಕಟವಾದ ಚಿತ್ರಕ್ಕೆ ಭಾರತದಲ್ಲಿ ಪ್ರಕಟಣೆಯಿಂದ 60 ವರ್ಷ ರಕ್ಷಣೆ. 1992ರ ತಿದ್ದುಪಡಿಗೆ ಮುಂಚೆ ಅದು 50 ಇತ್ತು. ಆಗಲೇ 50 ಮುಗಿದಿದ್ದವುಗಳಿಗೆ ಮತ್ತೆ ಜೀವ ಬರಲಿಲ್ಲ. ಹಾಗಾಗಿ 1941ಕ್ಕಿಂತ ಮೊದಲು ಹೀಗೆ ಅನಾಮಿಕವಾಗಿ ಅಚ್ಚಾದ ಲಾಂಛನ ಇಲ್ಲಿ ಮುಕ್ತ. ಅಮೆರಿಕವು ಹೊರದೇಶಗಳ ಹಳೆಯ ಕೃತಿಗಳಿಗೆ ಕಾಪಿರೈಟ್ ಮರಳಿ ಕೊಟ್ಟಾಗ 1996ರ ಜನವರಿ 1ರಂದು ತವರಿನಲ್ಲಿ ಹಕ್ಕು ಉಳಿದಿದ್ದವುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿತು. ಅದರಿಂದ ಇವು ಅಲ್ಲೂ ಮುಕ್ತ. 1933ರಲ್ಲಿ ಶುರುವಾದ ಬೆಳಗಾವಿಯ ಲಿಂಗರಾಜ ಕಾಲೇಜಿನಂಥ ಕಡೆ ಆ ಕಾಲದ ಲಾಂಛನ ಇದ್ದು, ಅದು ಅಚ್ಚಾದ ಪ್ರಾಸ್ಪೆಕ್ಟಸ್ ಇಲ್ಲವೇ ವಾರ್ಷಿಕ ಸಂಚಿಕೆಯ ತಾರೀಖು ಸಮೇತ ಪುರಾವೆ ಸಿಕ್ಕರೆ, ಅದು ಯಾವ ಷರತ್ತೂ ಇಲ್ಲದೆ ಕಾಮನ್ಸ್‌ಗೆ ಹೋಗಬಹುದು. ಬಿಡಿಸಿದವರ ಹೆಸರು ಗೊತ್ತಿದ್ದರೆ ಮಾತ್ರ ಅವರು ತೀರಿಕೊಂಡ ವರ್ಷದಿಂದ ಲೆಕ್ಕ ಹಾಕಬೇಕು.

ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರದ್ದು. ಆ ವರ್ಷವೇ ಹೆಸರಿಲ್ಲದೆ ಅಚ್ಚಾದ ಲಾಂಛನ ಒಂದಿದ್ದರೆ ಅದರ ಹಕ್ಕು ಭಾರತದಲ್ಲಿ 2023ರ ಕೊನೆಗೆ ಮುಗಿದಿದೆ. ಆದರೆ 1996ರಲ್ಲಿ ಇಲ್ಲಿ ಹಕ್ಕು ಇನ್ನೂ ಇದ್ದದ್ದರಿಂದ ಅಮೆರಿಕದಲ್ಲಿ ಅದಕ್ಕೆ ಪ್ರಕಟಣೆಯಿಂದ 95 ವರ್ಷ. ಕಾಮನ್ಸ್ ನಿಯಮದ ಪ್ರಕಾರ ಚಿತ್ರ ಎರಡೂ ದೇಶದಲ್ಲಿ ಮುಕ್ತವಾಗಿರಬೇಕು. ಬಾಗಲಕೋಟೆಯ ಯಾವ ಪ್ರೆಸ್‌ನವರು ಬೇಕಾದರೂ ಇವತ್ತೇ ಮುದ್ರಿಸಿ ಮಾರಬಹುದಾದ ಆ ಲಾಂಛನ ಕಾಮನ್ಸ್‌ಗೆ ತಕರಾರಿಲ್ಲದೆ ಸೇರುವುದು 2059ರ ಜನವರಿ 1ಕ್ಕೆ.